ಗೈಡ್ ಆದವ್ರು ಗಟ್ಟಿ ಇರ್ಬೇಕಾ, ಮೆತ್ತಗಿರ್ಬೇಕಾ?

ಪ್ರಶ್ನೆ: ಸರ್ ನಮಸ್ಕಾರ್ರೀ. ನಾ ಮೂಲತಃ ಧಾರವಾಡದಾಕಿ, ಮದುವಿ ಆಗಿ ಪುಣೆಗೆ ಬಂದೆ, ಈಗ ಪಿಂಪ್ರಿ-ಚಿಂಚವಾಡ ಕಡೆ ಒಂದು ಕಾಲೇಜಿನ್ಯಾಗ ಕೆಮಿಸ್ಟ್ರಿ ಅಸಿಸ್ಟಂಟ್ ಪ್ರೊಫೆಸರ್ ಇದ್ದೀನಿ. ಎರಡು ವರ್ಷದ ಹಿಂದ ಗೈಡ್‌ಶಿಪ್ ಸಿಕ್ತು. ಇಬ್ಬರು ಪಿಎಚ್‌ಡಿಗೆ ಅದಾರ, ಮ್ಯಾಲ ಎಂಎಸ್ಸಿ ಪ್ರಾಜೆಕ್ಟಿನವ್ರು ನಾಕ್ ಮಂದಿ. ಮೊದಲನೇ ಹುಡುಗ ಭಾಳ ಶಾಣ್ಯಾ, ಆದ್ರ ಎರಡು ತಿಂಗಳಾತು ಲ್ಯಾಬಿಗೆ ಸರಿ ಬರವಲ್ಲ, ವಾಟ್ಸ್ಯಾಪ್ ಮಾಡಿದ್ರ ನೀಲಿ ಟಿಕ್ ಬೀಳ್ತಾವ, ಉತ್ತರ ಇಲ್ಲ. ಎರಡನೇದಾಕಿ ಸಾತಾರಾ ಕಡೆ ಹಳ್ಳಿ ಹುಡುಗಿ, ಮರಾಠಿ ಮೀಡಿಯಮ್. ಲ್ಯಾಬಿನ್ಯಾಗ ಕೆಲಸ ಚೊಲೋ ಮಾಡ್ತಾಳ, ಬರಿಯೂದು ಮಾತ್ರ ಆಗೂದುಲ್ಲ. ರಾತ್ರಿ ಒಂದು ಗಂಟೆ ತನಕ ಕುಂತು ನಾನ ಆಕಿ ಚಾಪ್ಟರ್ ಪೂರಾ ತಿದ್ದಿ ಬರದು ಕೊಡ್ತೀನಿ. ನಮ್ಮ ಎಚ್‌ಓಡಿ ಅಂತಾರ, "ಮೇಡಂ ನೀವು ಭಾಳ ಮೆತ್ತಗದೀರಿ, ಹುಡುಗ್ರು ತಲಿ ಮ್ಯಾಲ ಕುಂದರ್ತಾರ" ಅಂತ. ನನ್ನ ಗೈಡ್ ಭಾಳ ಸ್ಟ್ರಿಕ್ಟ್ ಇದ್ರು, ಅವ್ರ ಚೇಂಬರ್ ಮುಂದ ನಿಂತ್ರ ಕೈಕಾಲು ನಡುಗ್ತಿದ್ವು, ಆದ್ರ ನನ್ನ ಪಿಎಚ್‌ಡಿ ಟೈಮಿಗೆ ಮುಗೀತು. ನಾನೂ ಹಂಗ ಆಗಬೇಕೇನ್ರೀ? ಆ ಹುಡುಗನ್ನ ಬಿಟ್ಟ ಬಿಡ್ಲೇನು? ಗೈಡ್ ಹೆಂಗ ಆಗಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ ನೋಡ್ರಿ.

ಉತ್ತರ: ಮೇಡಂ, ನಮಸ್ಕಾರ. ನಿಮ್ಮ ಕೊನೇ ವಾಕ್ಯದಿಂದ್ಲೇ ಶುರು ಮಾಡ್ತೇನೆ, ಯಾಕಂದ್ರೆ ಅದು ನಿಮ್ಮೊಬ್ಬರ ಕತೆ ಅಲ್ಲ. ನಾನು ಮುಂಬೈನಲ್ಲಿ ಎಷ್ಟೋ ವರ್ಷ ಕೆಮಿಸ್ಟ್ರಿಯಲ್ಲೇ ಗೈಡ್ ಆಗಿದ್ದೆ, ಈಗ ಹೊಸ ಗೈಡ್‌ಗಳ ಜೊತೆ ಕೂತು ಮಾತಾಡೋದೇ ಹೆಚ್ಚು, ಅವ್ರಲ್ಲಿ ಹತ್ತಕ್ಕೆ ಹತ್ತು ಜನ ಇದೇ ಮಾತು ಹೇಳ್ತಾರೆ. 2022ರ ನವೆಂಬರ್‌ನಲ್ಲಿ ಬಂದ ಯುಜಿಸಿಯ, ಅಂದ್ರೆ ಯೂನಿವರ್ಸಿಟಿಗಳನ್ನು ನೋಡ್ಕೊಳ್ಳೋ ಕೇಂದ್ರದ ಆಯೋಗದ, ಪಿಎಚ್‌ಡಿ ನಿಯಮ ತೆಗೆದು ನೋಡಿ. ಅಸಿಸ್ಟಂಟ್ ಪ್ರೊಫೆಸರ್ ಗೈಡ್ ಆಗ್ಬೇಕಾದ್ರೆ ಪಿಎಚ್‌ಡಿ ಇರ್ಬೇಕು, ಪಿಯರ್ ರಿವ್ಯೂ ಆಗೋ, ಅಂದ್ರೆ ಅದೇ ವಿಷಯದ ತಜ್ಞರು ಓದಿ ಒಪ್ಪೋ ಜರ್ನಲ್‌ಗಳಲ್ಲಿ ಕನಿಷ್ಠ 3 ಪೇಪರ್ ಇರ್ಬೇಕು, ಒಂದು ಹೊತ್ತಿಗೆ 4 ಜನರ ವರೆಗೆ ತಗೊಳ್ಬಹುದು, ಅಸೋಸಿಯೇಟ್ ಆದ್ರೆ 6, ಪ್ರೊಫೆಸರ್ ಆದ್ರೆ 8. ಇಷ್ಟೇ. ಒಬ್ಬ ಹುಡುಗನ ಜೊತೆ ಕೂತು ಅವನ ಕೆಲ್ಸ ಮುಂದೆ ಹೋಗೋ ಹಾಗೆ ಮಾತಾಡ್ಲಿಕ್ಕೆ ಬರ್ತದಾ ಅಂತ ಯಾರೂ ಕೇಳೋದಿಲ್ಲ. ಹಾಗಾಗಿ ನಾವೆಲ್ಲ ಮಾಡೋದು ಏನಂದ್ರೆ, ನಮ್ಮ ಗೈಡ್ ಹೇಗಿದ್ರೋ ಹಾಗೇ ಇರ್ತೇವೆ, ಇಲ್ಲಾ ಅವ್ರ ಮೇಲಿನ ಸಿಟ್ಟಿಗೆ ಸರಿಯಾಗಿ ಉಲ್ಟಾ ಇರ್ತೇವೆ. ನೀವು ಈಗ ಎರಡನೇದ್ದು ಮಾಡ್ತಾ ಇದ್ದೀರಿ, ಅದು ಕೈ ಕೊಡ್ತಾ ಉಂಟು ಅನ್ನಿಸಿ ಮೊದಲ್ನೇದಕ್ಕೆ ಹೋಗ್ಲಾ ಅಂತ ಕೇಳ್ತಾ ಇದ್ದೀರಿ. ಎರಡೂ ಬೇಡ ಅಂತ ನನ್ನ ಅಭಿಪ್ರಾಯ.

ನಿಮ್ಮ ಗೈಡ್ ವಿಷಯ ಒಂದು ಮಾತು. ಅವ್ರ ಸ್ಟ್ರಿಕ್ಟ್‌ನಿಂದ ನಿಮ್ಮ ಪಿಎಚ್‌ಡಿ ಮುಗೀತು ಅಂತ ನೀವು ಅಂದ್ಕೊಂಡಿದ್ದೀರಿ, ಇರ್ಬಹುದು. ಆದ್ರೆ ಅವ್ರ ಹತ್ರ ನಿಮ್ಮ ಜೊತೆ ಸೇರಿ ಅರ್ಧಕ್ಕೆ ಬಿಟ್ಟು ಹೋದವ್ರು ಇರ್ಲಿಲ್ವಾ? ಬಿಟ್ಟು ಹೋದವ್ರು ಯಾರೂ ಗೈಡ್ ಆಗೋದಿಲ್ಲ ಮೇಡಂ, ಮುಗಿಸಿದವ್ರೇ ಆಗೋದು, ಹಾಗಾಗಿ "ಬೈಸ್ಕೊಂಡೇ ನಾವು ತಯಾರಾದ್ದು" ಅನ್ನೋ ಮಾತು ಮಾತ್ರ ಸ್ಟಾಫ್ ರೂಮಲ್ಲಿ ಉಳಿದು ಮುಂದಿನವ್ರಿಗೆ ದಾಟ್ತಾ ಹೋಗ್ತದೆ, ಬೈಸ್ಕೊಂಡು ಮನೆಗೆ ಹೋದವ್ರ ಮಾತು ಅಲ್ಲಿ ಕೇಳೋದೇ ಇಲ್ಲ. ಇನ್ನೊಂದು, ನೆನಪು ಮಾಡಿ ನೋಡಿ, ನೀವು ಕೊಟ್ಟ ಡ್ರಾಫ್ಟ್ ಅವ್ರು ಎಷ್ಟು ದಿನಕ್ಕೆ ವಾಪಸ್ ಕೊಡ್ತಿದ್ರು? ವಾರಕ್ಕೆ ಒಂದು ದಿನ ಫಿಕ್ಸ್ ಇತ್ತಾ? ಸ್ಯಾಂಪಲ್ ಕಳಿಸ್ಬೇಕು ಅಂದ್ರೆ ಸೈನ್ ಸಿಗ್ತಿತ್ತಾ? ನನ್ನ ಅಂದಾಜು, ಇದೆಲ್ಲ ಟೈಮಿಗೆ ಸರಿಯಾಗಿ ಆಗ್ತಿತ್ತು, ನಿಮ್ಮ ಕೆಲ್ಸ ಮುಗಿಸಿದ್ದು ಅದು. ನಡುಗಿದ್ದು ನೆನಪಲ್ಲಿ ಉಳಿದದೆ ಅಷ್ಟೆ, ನಡುಕದಿಂದ ಯಾರ ರಿಯಾಕ್ಷನ್ನೂ ಸರಿ ಆಗೋದಿಲ್ಲ.

ಹಾಗಾಗಿ ನಾನು ಹೊಸಬರಿಗೆ ಹೇಳೋದು, ಗಟ್ಟಿಯೋ ಮೆತ್ತಗೋ ಅನ್ನೋದನ್ನು ಸ್ವಲ್ಪ ಬದಿಗಿಡಿ. ಹುಡುಗ್ರು ನಿಮ್ಮ ಬಾಗಿಲಿಗೆ ಬಂದ್ರೆ ಏನಾಗ್ತದೆ ಅಂತ ಅವ್ರಿಗೆ ಮೊದ್ಲೇ ಗೊತ್ತಿರ್ಬೇಕು. ಕೆಲ್ಸ ಆಗಿದ್ರೆ ಏನು, ಆಗದಿದ್ರೆ ಏನು, ಬರೆದು ಕೊಟ್ರೆ ಎಷ್ಟು ದಿನಕ್ಕೆ ಉತ್ತರ, ತಪ್ಪಾದ್ರೆ ಯಾರ ಎದುರಿಗೆ ಹೇಳ್ತಾರೆ. ಇದು ಗೊತ್ತಿದ್ರೆ ಸಿಡುಕು ಸ್ವಭಾವದ ಗೈಡ್ ಹತ್ರಾನೂ ಹುಡುಗ್ರು ಆರಾಮಾಗಿ ಕೆಲ್ಸ ಮಾಡ್ತಾರೆ, ಗೊತ್ತಿಲ್ಲದಿದ್ರೆ ಪಾಪದ ಗೈಡ್ ಹತ್ರಾನೂ ಹೆದರ್ತಾರೆ. ಅಂದಹಾಗೆ ನಿಮ್ಮ ಎಚ್‌ಓಡಿ ಹೇಳೋ "ಮೆತ್ತಗೆ" ಅನ್ನೋದನ್ನು ಅಷ್ಟು ಮನಸ್ಸಿಗೆ ತಗೊಳ್ಬೇಡಿ. ಇದೇ ತರ ಒಬ್ಬ ಗಂಡಸು ಪ್ರೊಫೆಸರ್ ನಡ್ಕೊಂಡ್ರೆ "ಸರ್‌ಗೆ ತಾಳ್ಮೆ ಜಾಸ್ತಿ" ಅಂತಾರೆ, ಹೆಂಗಸರಾದ್ರೆ ಮೆತ್ತಗೆ.

ಈಗ ಆ ನೀಲಿ ಟಿಕ್ ಹುಡುಗ. ಶಾಣ್ಯಾ ಅಂತ ಬರೆದಿದ್ದೀರಿ, ಅಲ್ಲೇ ಉಂಟು ವಿಷಯ. ಸುಮಾರಾಗಿ ಓದೋ ಹುಡುಗ್ರಿಗೆ ಫೇಲ್ ಆಗಿ ಅಭ್ಯಾಸ ಇರ್ತದೆ, ಬಂದು ಹೇಳ್ತಾರೆ, "ಸರ್ ಆಗ್ಲಿಲ್ಲ" ಅಂತ. ಎಂಎಸ್ಸಿ ವರೆಗೆ ಫಸ್ಟ್ ಬಂದವ್ನಿಗೆ ರಿಸರ್ಚಲ್ಲಿ ಮೊದಲ ಸಲ ತಿಂಗಳುಗಟ್ಟಲೆ ಏನೂ ಬರೋದಿಲ್ಲ ನೋಡಿ, ಅವನಿಗೆ ಅದು ರಿಯಾಕ್ಷನ್ ಫೇಲ್ ಆದ್ದು ಅಂತ ಅನ್ನಿಸೋದಿಲ್ಲ, ತಾನೇ ಫೇಲ್ ಅನ್ನಿಸ್ತದೆ. ಒಂದು ವಾರ ರಿಸಲ್ಟ್ ಇಲ್ಲ, ಮೀಟಿಂಗ್ ತಪ್ಪಿಸ್ತಾನೆ. ಎರಡನೇ ವಾರ ಹೋಗ್ಬೇಕಾದ್ರೆ ಎರಡು ವಾರದ ಕೆಲ್ಸ ತೋರಿಸ್ಬೇಕಲ್ಲ, ಮತ್ತೆ ತಪ್ಪಿಸ್ತಾನೆ. ತಿಂಗಳಾದ ಮೇಲೆ ಏನಾದ್ರೂ ದೊಡ್ಡದು ಹಿಡ್ಕೊಂಡೇ ಹೋಗ್ಬೇಕು ಅಂತ ಕೂತಿರ್ತಾನೆ, ದೊಡ್ಡದು ಬರೋದಿಲ್ಲ. ನಿಮ್ಮ ಮೆಸೇಜ್ ಓದ್ತಾನೆ, ಏನು ಬರಿಯೋದು ಅಂತ ಗೊತ್ತಾಗದೆ ಫೋನ್ ತಿರುಗಿಸಿ ಇಡ್ತಾನೆ. ಹೊರಗಿನಿಂದ ನೋಡಿದ್ರೆ ಸೊಕ್ಕು ಅಥವಾ ಸೋಮಾರಿತನ, ಒಳಗೆ ನೋಡಿದ್ರೆ ಬರೀ ನಾಚಿಕೆ.

ನನ್ನ ಹತ್ರ ಇಂಥ ಒಬ್ಬ ಹುಡುಗ ಇದ್ದ, ಅಮೀನ್ ಸಿರೀಸ್ ಮೇಲೆ ಕೆಲ್ಸ. ಎಷ್ಟೋ ವಾರ ಬರ್ಲೇ ಇಲ್ಲ. ಕೊನೆಗೆ ನಾನು "ರಿಸಲ್ಟ್ ಬೇಡ ಮಾರಾಯ, ಹಾಳಾದ ಟಿಎಲ್‌ಸಿ ಪ್ಲೇಟ್ ಒಂದು ತಗೊಂಡು ಬಾ" ಅಂದೆ. ಟಿಎಲ್‌ಸಿ ಅಂದ್ರೆ ಸಿಲಿಕಾ ಬಳಿದ ಚಿಕ್ಕ ಪ್ಲೇಟ್ ಮೇಲೆ ಸಾಲ್ವೆಂಟ್ ಓಡಿಸಿ, ರಿಯಾಕ್ಷನ್‌ನಲ್ಲಿ ಏನೇನುಂಟು ಅಂತ ಚುಕ್ಕೆಗಳಲ್ಲಿ ನೋಡೋದು. ತಂದ. ಪ್ಲೇಟ್ ಮೇಲೆ ಚುಕ್ಕೆ ಇರ್ಬೇಕಾದಲ್ಲಿ ಕೆಳಗಿನಿಂದ ಮೇಲಿನ ತನಕ ಬಾಲದ ಹಾಗೆ ಎಳ್ಕೊಂಡು ಹೋಗಿತ್ತು, ಅವನು ಅದನ್ನು ನೋಡಿ ಪ್ರಾಡಕ್ಟ್ ಡೀಕಂಪೋಸ್ ಆಗ್ತಾ ಉಂಟು, ರೂಟೇ ತಪ್ಪು ಅಂತ ತೀರ್ಮಾನ ಮಾಡಿ ಕೂತಿದ್ದ. ಅಮೀನ್‌ಗಳು ಸಿಲಿಕಾಕ್ಕೆ ಅಂಟ್ಕೊಳ್ತಾವೆ, ಸಾಲ್ವೆಂಟಿಗೆ ಎರಡು ಹನಿ ಟ್ರೈಈಥೈಲಮೀನ್ ಹಾಕಿ ಓಡಿಸಿದ್ರೆ ಚುಕ್ಕೆ ಸರಿಯಾಗಿ ಕೂರ್ತದೆ, ಇದು ಲ್ಯಾಬಲ್ಲಿ ಹಳಬರಿಗೆಲ್ಲ ಗೊತ್ತಿರೋ ಸಂಗತಿ. ಐದು ನಿಮಿಷದ ಕೆಲ್ಸ. ಅದಕ್ಕಾಗಿ ಅವನು ಒಂದು ಇಡೀ ಸೆಮಿಸ್ಟರ್ ಹತ್ರ ಹತ್ರ ತಲೆ ತಪ್ಪಿಸ್ಕೊಂಡು ತಿರುಗಿದ್ದ. ಎಲ್ಲರದ್ದೂ ಎರಡು ಹನಿಯಲ್ಲಿ ಸರಿ ಆಗೋದಿಲ್ಲ, ಒಪ್ತೇನೆ, ಆದ್ರೆ ಹಾಳಾದ್ದು ತೋರಿಸ್ಲಿಕ್ಕೆ ಜಾಗ ಇಲ್ಲ ಅಂದ್ರೆ ಸರಿ ಆಗೋದೂ ಆಗೋದಿಲ್ಲ.

ಹಾಗಾಗಿ ನಿಮ್ಮ ಹುಡುಗನಿಗೆ "ಯಾಕೆ ಬರ್ತಾ ಇಲ್ಲ, ಎಷ್ಟಾಯ್ತು ಕೆಲ್ಸ" ಅಂತ ಇನ್ನೊಂದು ಮೆಸೇಜ್ ಹಾಕ್ಬೇಡಿ. ಆ ಪ್ರಶ್ನೆಗೆ ಅವನ ಹತ್ರ ಉತ್ತರ ಇದ್ದಿದ್ರೆ ಯಾವತ್ತೋ ಕೊಡ್ತಿದ್ದ. ಹೀಗೆ ಬರಿಬಹುದು: "ಸೋಮವಾರ ಹನ್ನೊಂದಕ್ಕೆ ಲ್ಯಾಬಲ್ಲಿ ಇರ್ತೇನೆ, ಇಪ್ಪತ್ತು ನಿಮಿಷ ಸಾಕು. ಏನೂ ತಯಾರಿ ಬೇಡ, ನೋಟ್‌ಬುಕ್ ಮಾತ್ರ ತಗೊಂಡು ಬಾ, ಖಾಲಿ ಇದ್ರೂ ಪರವಾಗಿಲ್ಲ. ಎರಡು ತಿಂಗಳ ಬಗ್ಗೆ ಬೈಲಿಕ್ಕೆ ಕರೀತಾ ಇಲ್ಲ." ಮರಾಠಿಯಲ್ಲೇ ಬರೀರಿ, ಅವನಿಗೆ ಹತ್ರ ಆಗೋ ಭಾಷೆಯಲ್ಲಿ. ಬಂದ್ರೆ ಮಾತು ಉಳಿಸ್ಕೊಳ್ಳಿ, ಬೈಬೇಡಿ, ಒಂದು ಸಲ ಬೈದ್ರೂ ಮುಂದಿನ ಮೆಸೇಜಿಗೆ ಬೆಲೆ ಇಲ್ಲ.

ಬಂದ ಮೇಲೆ ಕೆಲ್ಸದ ಮೊದ್ಲು ಹೊಟ್ಟೆಪಾಡು ಕೇಳಿ. ಇದನ್ನು ನಾವು ಕೇಳೋದೇ ಇಲ್ಲ. ಜೆಆರ್‌ಎಫ್ (ಕೇಂದ್ರದ ಜೂನಿಯರ್ ರಿಸರ್ಚ್ ಫೆಲೋಶಿಪ್) ಇದ್ದವ್ರಿಗೆ 2023ರಿಂದ ತಿಂಗಳಿಗೆ 37,000 ಉಂಟು, ಆದ್ರೆ ಕಾಲೇಜುಗಳ ರಿಸರ್ಚ್ ಸೆಂಟರಲ್ಲಿ ಇರೋ ಎಷ್ಟು ಜನರಿಗೆ ಜೆಆರ್‌ಎಫ್ ಉಂಟು? ಬಾರ್ಟಿ, ಸಾರಥಿ, ಮಹಾಜ್ಯೋತಿ ಅನ್ನೋ ಮಹಾರಾಷ್ಟ್ರ ಸರ್ಕಾರದ ಸಂಸ್ಥೆಗಳ ಕಡೆಯ ಫೆಲೋಶಿಪ್ ಇದ್ರೆ ಕಳೆದ ಕಂತು ಕೈಗೆ ಬಂತಾ ಕೇಳಿ. ಏನೂ ಇಲ್ಲದವ್ರು ಸಿಎಚ್‌ಬಿ ಮೇಲೆ, ಅಂದ್ರೆ ಗಂಟೆ ಲೆಕ್ಕದ ಸಂಬಳಕ್ಕೆ, ಎರಡೆರಡು ಕಾಲೇಜಲ್ಲಿ ಪಾಠ ಮಾಡಿ, ಮಧ್ಯ ಲೋಣಾವಳಾ ಲೋಕಲ್ ಹಿಡಿದು ಓಡಾಡಿ, ಸಂಜೆ ಕೋಚಿಂಗ್ ಕ್ಲಾಸ್ ತಗೊಂಡು, ಉಳಿದ ಟೈಮಲ್ಲಿ ಪಿಎಚ್‌ಡಿ ಮಾಡ್ತಾರೆ, ಅದನ್ನು ಗೈಡ್‌ಗೆ ಹೇಳಿದ್ರೆ "ಸೀರಿಯಸ್ ಇಲ್ಲ" ಅಂತಾರೆ ಅಂತ ಮುಚ್ಚಿಡ್ತಾರೆ. ಮುಂಬೈ ಕನ್ನಡಿಗರಿಗೆ ಇದು ಹೊಸತಲ್ಲ, ಹಗಲು ಹೋಟೆಲು ಕ್ಯಾಂಟೀನಲ್ಲಿ ದುಡಿದು ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗೆ ಹೋಗಿ ಓದಿದ ಹಿರಿಯರು ನಮ್ಮಲ್ಲಿ ತುಂಬಾ ಜನ, ಅಲ್ಲಿ ಹುಡುಗ ಕ್ಲಾಸಿಗೆ ಬರ್ಲಿಲ್ಲ ಅಂದ್ರೆ ಮಾಸ್ಟ್ರು ಮೊದ್ಲು ಕೇಳ್ತಿದ್ದದ್ದು ಡ್ಯೂಟಿ ಚೇಂಜ್ ಆಯ್ತಾ ಅಂತ. ಅವನಿಗೆ ವಾರಕ್ಕೆ ಎರಡೇ ದಿನ ಸಿಗೋದು ಅಂದ್ರೆ ಎರಡೇ ದಿನಕ್ಕೆ ಪ್ಲ್ಯಾನ್ ಮಾಡೋಣ, ಆರು ದಿನದ ಪ್ಲ್ಯಾನ್ ಹಾಕಿ ದಿನಾ ಮುಖ ಚಿಕ್ಕದು ಮಾಡ್ಕೊಳ್ಳೋದ್ರಲ್ಲಿ ಏನುಂಟು.

ಸೋಮವಾರ ಬರ್ಲಿಲ್ಲ ಅಂದ್ರೆ? ನಿಮ್ಮ ಎದುರು ಇರೋ ದಾರಿ ನೋಡಿ. ಸುಮ್ನೆ ಕಾಯೋದು, ಎಲ್ಲರೂ ಮಾಡೋದು ಇದನ್ನೇ, ಸುಲಭ ಅನ್ನಿಸ್ತದೆ, ಆದ್ರೆ ಗಡಿಯಾರ ನಿಲ್ಲೋದಿಲ್ಲ. ಯುಜಿಸಿ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6, ರೀ-ರಿಜಿಸ್ಟ್ರೇಷನ್ ಮಾಡಿದ್ರೆ ಇನ್ನು 2 ವರ್ಷದ ವರೆಗೆ ಸಿಗ್ಬಹುದು. ಹೆಣ್ಣು ಮಕ್ಕಳಿಗೆ ಮತ್ತೆ 40 ಪರ್ಸೆಂಟಿಗಿಂತ ಹೆಚ್ಚು ಅಂಗವೈಕಲ್ಯ ಇದ್ದವ್ರಿಗೆ ಅದರ ಮೇಲೆ 2 ವರ್ಷ ಸಡಿಲಿಕೆ ಉಂಟು, ಹೆಣ್ಣು ಮಕ್ಕಳಿಗೆ ಹೆರಿಗೆ ಅಥವಾ ಮಕ್ಕಳ ಆರೈಕೆಗೆ 240 ದಿನದ ವರೆಗೆ ರಜೆ ಬೇರೆ. ಈ ಹುಡುಗನಿಗೆ ಅದ್ಯಾವುದೂ ಇಲ್ಲ, ಹಾಗಾಗಿ ಎರಡು ತಿಂಗಳು ಎಂಟು ತಿಂಗಳಾಗೋ ಮೊದ್ಲು ಹಿಡೀಬೇಕು. ಎರಡನೇದು, ಖಡಕ್ಕಾಗಿ ಲೆಟರ್ ಕೊಡೋದು, "ಹದಿನೈದು ದಿನದಲ್ಲಿ ಬರದಿದ್ರೆ ರಿಜಿಸ್ಟ್ರೇಷನ್ ಕ್ಯಾನ್ಸಲ್‌ಗೆ ಬರೀತೇನೆ" ಅಂತ. ಸೋಮಾರಿಯಾಗಿದ್ರೆ ಓಡಿ ಬರ್ತಾನೆ, ಆದ್ರೆ ನಾಚಿಕೆಯಿಂದ ಒಳಗೆ ಸೇರಿದವ್ನು ಇನ್ನೂ ಒಳಗೆ ಹೋಗ್ತಾನೆ, ನಿಮಗೆ ಯಾವುದು ಅಂತ ಈಗ ಗೊತ್ತಿಲ್ಲ, ಗೊತ್ತಿಲ್ಲದೆ ಆ ಬಾಣ ಬಿಡ್ಬೇಡಿ. ಮತ್ತೊಂದು ದಾರಿ ರಿಸರ್ಚ್ ಅಡ್ವೈಸರಿ ಕಮಿಟಿ. ಪ್ರತಿ ಸೆಮಿಸ್ಟರ್‌ಗೆ ಒಂದು ಸಲ ಹುಡುಗ ಆ ಕಮಿಟಿ ಎದುರು ಪ್ರೋಗ್ರೆಸ್ ಹೇಳ್ಬೇಕು ಅಂತ ನಿಯಮವೇ ಉಂಟು, ನಾವು ಅದನ್ನು ಸೈನ್ ಹಾಕೋ ಶಾಸ್ತ್ರ ಮಾಡಿ ಇಟ್ಟಿದ್ದೇವೆ. ಕಮಿಟಿಯಲ್ಲಿ ಇರೋ ಒಬ್ಬರು ಸಮಾಧಾನದವ್ರಿಗೆ ನೀವು ಮೊದ್ಲೇ ಫೋನ್ ಮಾಡಿ ಪರಿಸ್ಥಿತಿ ಹೇಳಿ, ಅವ್ರು ಹುಡುಗನ ಜೊತೆ ಮಾತಾಡ್ಲಿ, ಎಷ್ಟೋ ಸಲ ಗೈಡ್‌ಗೆ ಹೇಳ್ಲಿಕ್ಕೆ ಆಗದ್ದು ಮೂರನೆಯವ್ರಿಗೆ ಹೇಳ್ತಾರೆ. ಇದರಲ್ಲೂ ರಿಸ್ಕ್ ಉಂಟು, ಕಮಿಟಿಯಲ್ಲಿ ಒಬ್ಬ ಬಾಯಿ ಹರ್ಕ ಇದ್ರೆ ಮರುದಿನ ಇಡೀ ಡಿಪಾರ್ಟ್‌ಮೆಂಟಿಗೆ ಸುದ್ದಿ, ಹಾಗಾಗಿ ಯಾರಿಗೆ ಫೋನ್ ಮಾಡ್ತೀರಿ ಅನ್ನೋದು ನೋಡ್ಕೊಳ್ಳಿ. ಕೊನೇದು, ಗೈಡ್ ಬದಲಾವಣೆ. ಟಾಪಿಕ್ಕೇ ಅವನಿಗೆ ಹೊಂದ್ತಾ ಇಲ್ಲ ಅಥವಾ ನಿಮ್ಮಿಬ್ಬರಿಗೆ ಆಗ್ತಾ ಇಲ್ಲ ಅಂತ ಖಾತ್ರಿ ಆದ್ರೆ ಅದು ಅವಮಾನ ಏನಲ್ಲ, ಬೇಗ ಆದಷ್ಟು ಅವನಿಗೆ ಒಳ್ಳೇದು. ಆದ್ರೆ "ಬಿಟ್ಟ ಬಿಡ್ಲೇನು" ಅಂತ ಕೇಳಿದ್ದೀರಲ್ಲ, ಮಾತೇ ಆಡದೆ ಬಿಡೋದು ಬೇಡ.

ಒಂದು ವಿಷಯ ಮಾತ್ರ ಕಾಯ್ಲಿಕ್ಕೆ ಇಲ್ಲ. ಮಾತಾಡುವಾಗ ನಿದ್ದೆ ಬರೋದಿಲ್ಲ, ಊಟ ಸೇರೋದಿಲ್ಲ, ಬದುಕೇ ಬೇಡ ಅನ್ನೋ ತರ ಏನಾದ್ರೂ ಬಾಯಿಗೆ ಬಂದ್ರೆ ಥೀಸಿಸ್ ಅಲ್ಲಿಗೇ ಬಿಡಿ. ಆ ಹೊತ್ತಿಗೆ ಅವನನ್ನು ಒಬ್ಬನೇ ಕಳಿಸ್ಬೇಡಿ, ಮನೆಯವ್ರಿಗೋ ಹತ್ತಿರದ ಫ್ರೆಂಡ್‌ಗೋ ಫೋನ್ ಹೋಗ್ಲಿ, ಕಾಲೇಜಿನ ಕೌನ್ಸೆಲರ್ ಹತ್ರ ನೀವೇ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡ್ಬಹುದು, ಮರಾಠಿಯಲ್ಲೂ ಕನ್ನಡದಲ್ಲೂ ಮಾತಾಡ್ತಾರೆ. ನಾವು ಕೆಮಿಸ್ಟ್ರಿ ಡಾಕ್ಟರು, ಆ ಡಾಕ್ಟರಲ್ಲ. ಕೇಳಿಸ್ಕೊಳ್ಳೋದು, ಸರಿಯಾದವ್ರ ಹತ್ರ ತಲುಪಿಸೋದು, ಅಷ್ಟು ನಮ್ಮ ಕೆಲ್ಸ.

ಇನ್ನು ಸಾತಾರಾ ಹುಡುಗಿ. ಖರೆ ಹೇಳ್ಬೇಕಂದ್ರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಇವಳದ್ದು, ಯಾಕಂದ್ರೆ ಇಲ್ಲಿ ಮೇಲಿಂದ ಎಲ್ಲ ಸರಿ ಉಂಟು ಅಂತ ಕಾಣ್ತದೆ. ರಾತ್ರಿ ಒಂದು ಗಂಟೆ ತನಕ ಕೂತು ನೀವು ಬರೆದ ಚಾಪ್ಟರ್ ನಿಮ್ಮದು, ಅವಳದ್ದಲ್ಲ. ವೈವಾದಲ್ಲಿ (ಕೊನೆಯ ಮೌಖಿಕ ಪರೀಕ್ಷೆಯಲ್ಲಿ) ಹೊರಗಿನಿಂದ ಬಂದ ಎಕ್ಸಾಮಿನರ್ ಒಂದು ವಾಕ್ಯ ಎತ್ತಿ "ಇದೇನಮ್ಮಾ" ಅಂತ ಕೇಳಿದ್ರೆ ಅವಳು ನಿಮ್ಮ ಮುಖ ನೋಡ್ತಾಳೆ. ಅದಕ್ಕಿಂತ ಕೆಟ್ಟದ್ದು, ಪ್ರತಿ ಸಲ ಕೆಂಪು ಶಾಯಿಯಲ್ಲಿ ಪೂರಾ ಬದಲಾಗಿ ಬಂದ ಪೇಜ್ ನೋಡಿದಾಗ ಅವಳು ಕಲೀತಾ ಇರೋದು ಒಂದೇ, ನನಗೆ ಬರಿಲಿಕ್ಕೆ ಬರೋದಿಲ್ಲ, ಮೇಡಂ ಬರೀತಾರೆ. ಮುಂದಿನ ಡ್ರಾಫ್ಟ್ ಇನ್ನೂ ಹಗುರಾಗಿ ಬರ್ತದೆ.

ಇಂಗ್ಲಿಷ್ ತೊಂದರೆ ಅಂತ ನಾವು ಅಂದ್ಕೊಳ್ಳೋದ್ರಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್‌ದ್ದೇ ಅಲ್ಲ. ನನ್ನ ಹತ್ರ ಬರೋ ಡ್ರಾಫ್ಟುಗಳಲ್ಲಿ ಒಂದು ವಾಕ್ಯ ಯಾವಾಗ್ಲೂ ಇರ್ತದೆ, "ರಿಯಾಕ್ಷನ್ ವಾಸ್ ಡನ್ ಆಂಡ್ ಪ್ರಾಡಕ್ಟ್ ವಾಸ್ ಗಾಟ್ ಇನ್ ಗುಡ್ ಯೀಲ್ಡ್". ನಮ್ಮ ಕೈ ತಕ್ಷಣ "ಗಾಟ್" ಹೊಡೆದು "ಅಬ್ಟೇನ್ಡ್" ಬರೀತದೆ, ಸಮಾಧಾನ. ಆದ್ರೆ ಕೇಳ್ಬೇಕಾದ್ದು ಗುಡ್ ಅಂದ್ರೆ ಎಷ್ಟು ಪರ್ಸೆಂಟ್, ಎಷ್ಟು ಸಲ ಮಾಡಿದೆ, ಯಾವ ಟೆಂಪರೇಚರ್, ಎರಡನೇ ಸಲ ಯಾಕೆ ಕಡಿಮೆ ಬಂತು. ಇದನ್ನು ಅವಳಿಗೆ ಮರಾಠಿಯಲ್ಲಿ ಕೇಳಿ, ಮರಾಠಿಯಲ್ಲೇ ಹೇಳ್ಲಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿಕ್ಕೆ ಹೇಳಿ, ಮನೆಗೆ ಹೋಗಿ ಅದನ್ನೇ ಕೇಳ್ತಾ ತನಗೆ ಬರೋ ಇಂಗ್ಲಿಷಲ್ಲಿ ಬರೀಲಿ. ಬಾಯಲ್ಲಿ ಸ್ಪಷ್ಟ ಇದ್ದದ್ದು ಕಾಗದದ ಮೇಲೆ ವ್ಯಾಕರಣ ತಪ್ಪಾಗಿ ಬಂದ್ರೆ ಸರಿ ಮಾಡೋದು ಸುಲಭ, ಬಾಯಲ್ಲೇ ಸ್ಪಷ್ಟ ಇಲ್ಲ ಅಂದ್ರೆ ಲ್ಯಾಬಿಗೆ ವಾಪಸ್ ಹೋಗ್ಬೇಕು, ಇಂಗ್ಲಿಷ್ ಟ್ಯೂಷನ್‌ಗಲ್ಲ.

ನೀವು ಮಾಡ್ಬೇಕಾದ್ದು, ಹತ್ತು ಪೇಜ್ ಬಂದ್ರೆ ಎರಡು ಪ್ಯಾರಾ ಮಾತ್ರ ತಿದ್ದಿ, ಅದೂ ಅವಳನ್ನು ಪಕ್ಕದಲ್ಲಿ ಕೂರಿಸ್ಕೊಂಡು, ಯಾಕೆ ಬದಲಾಯಿಸ್ತಾ ಇದ್ದೇನೆ ಅಂತ ಜೋರಾಗಿ ಹೇಳ್ತಾ. ಉಳಿದ ಪೇಜ್ ಅವಳೇ ಅದೇ ತರ ತಿದ್ದಿ ತರ್ಲಿ. ಥೀಸಿಸ್‌ಗಳೆಲ್ಲ ಸಿಗೋ ಶೋಧಗಂಗಾ ವೆಬ್‌ಸೈಟಲ್ಲಿ ನಿಮ್ಮ ವಿಷಯದ ಒಳ್ಳೇ ಥೀಸಿಸ್ ಎರಡು ನೀವೇ ಹುಡುಕಿ ಕೊಡಿ, ಡಿಸ್ಕಷನ್ ಚಾಪ್ಟರಲ್ಲಿ ಅವ್ರು ಒಂದು ಪ್ಯಾರಾ ಹೇಗೆ ಶುರು ಮಾಡ್ತಾರೆ, ಡೇಟಾ ಎಲ್ಲಿ ತರ್ತಾರೆ ಅಂತ ನೋಡ್ಲಿ, ಕಾಪಿ ಹೊಡಿಲಿಕ್ಕಲ್ಲ ಅಂತ ಬಾಯಿ ಬಿಟ್ಟು ಹೇಳಿ. 2018ರ ಯುಜಿಸಿ ನಿಯಮದಲ್ಲಿ ಸಿಮಿಲಾರಿಟಿ, ಅಂದ್ರೆ ಬೇರೆಯವ್ರ ಬರಹದ ಜೊತೆ ಹೋಲಿಕೆ, 10 ಪರ್ಸೆಂಟ್ ತನಕ ಶಿಕ್ಷೆ ಇಲ್ಲ ಅಂತ ಉಂಟು ನೋಡಿ, ಹುಡುಗ್ರು ಅದನ್ನು 10 ಪರ್ಸೆಂಟ್ ಕದೀಬಹುದು ಅಂತ ಓದ್ಕೊಂಡಿರ್ತಾರೆ. ಇತ್ತೀಚೆಗೆ ಎಐ ಚಾಟ್‌ಬಾಟ್ ಬೇರೆ ಸೇರಿದೆ. ನಿನ್ನೆ ತನಕ ಎಡವುತ್ತಿದ್ದವಳ ಪೇಜ್ ಇವತ್ತು ನುಣ್ಣಗೆ ಹರೀತಾ ಇದ್ರೆ ಪೊಲೀಸ್ ಆಗ್ಬೇಡಿ, "ಈ ಪ್ಯಾರಾ ನನಗೆ ಮರಾಠಿಯಲ್ಲಿ ಹೇಳು" ಅಂತ ಕೇಳಿ, ಅಷ್ಟರಲ್ಲೇ ಗೊತ್ತಾಗ್ತದೆ. ವ್ಯಾಕರಣಕ್ಕೆ ಬಳಸಿದ್ರೆ ನನಗೆ ತಕರಾರಿಲ್ಲ, ಯಾವುದಕ್ಕೆ ಬಳಸಿದೆ ಅಂತ ಹೇಳ್ಲಿ ಅಷ್ಟೆ, ಯೋಚನೆ ಮಾಡ್ಲಿಕ್ಕೆ ಬಳಸಿದ್ರೆ ನೀವು ರಾತ್ರಿ ಬರೆದು ಕೊಟ್ಟದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಇದರಲ್ಲಿ ರಿಸ್ಕ್ ಇಲ್ಲ ಅಂತಲ್ಲ. ಮೊದಲ ಆರು ತಿಂಗಳು ಸ್ಪೀಡ್ ಇಳೀತದೆ, ಪೇಪರ್ ತಡ ಆಗ್ತದೆ, ಎಚ್‌ಓಡಿ ಲಿಸ್ಟ್ ಕೇಳ್ತಾರೆ. ಒಂದು ಸಮಾಧಾನ, ಥೀಸಿಸ್ ಕೊಡೋ ಮೊದ್ಲು ಪೇಪರ್ ಆಗಿರಲೇಬೇಕು ಅನ್ನೋದನ್ನು ಯುಜಿಸಿ 2022ರಲ್ಲಿ ತೆಗೆದಿದೆ. ನಿಮ್ಮ ಯೂನಿವರ್ಸಿಟಿ ತನ್ನದೇ ನಿಯಮದಲ್ಲಿ ಇಟ್ಕೊಂಡಿದ್ಯಾ ಅಂತ ಪಿಎಚ್‌ಡಿ ಸೆಕ್ಷನ್‌ನಲ್ಲಿ ಕೇಳ್ಕೊಳ್ಳಿ, ಇಲ್ಲ ಅಂದ್ರೆ ಅವಸರಕ್ಕೆ ದುಡ್ಡು ಕೊಟ್ಟು ಎಲ್ಲೋ ಛಾಪಿಸೋ ಗೊಡವೆಗೆ ಹೋಗ್ಬೇಡಿ, ಅಂಥ ಪೇಪರ್ ಮುಂದೆ ಇಂಟರ್ವ್ಯೂದಲ್ಲಿ ಅವಳಿಗೇ ತೊಂದರೆ.

ಈಗ ದಿನನಿತ್ಯದ ವ್ಯವಸ್ಥೆ. ವಾರಕ್ಕೆ ಒಂದು ದಿನ, ಒಂದೇ ಹೊತ್ತು, ಒಬ್ಬೊಬ್ಬರಿಗೆ ಅರ್ಧ ಗಂಟೆ. ಕೆಲ್ಸ ಆಗಿರ್ಲಿ ಬಿಡ್ಲಿ ಮೀಟಿಂಗ್ ಆಗ್ತದೆ, ಆಗದ ವಾರದ ಮೀಟಿಂಗೇ ಹೆಚ್ಚು ಮುಖ್ಯ. ನಿಮಗೆ ಎಕ್ಸಾಮ್ ಡ್ಯೂಟಿ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲ್ ಏನೇ ಬರ್ಲಿ, ಮುಂದೆ ಹಾಕಿ, ರದ್ದು ಮಾಡ್ಬೇಡಿ, ಗೈಡ್ ಎರಡು ಸಲ ರದ್ದು ಮಾಡಿದ್ರೆ ಮೂರನೇ ಸಲ ಹುಡುಗನೇ ಬರೋದಿಲ್ಲ. ಮೀಟಿಂಗ್ ಮುಗಿದ ದಿನ ರಾತ್ರಿ ಹುಡುಗ ನಿಮಗೆ ನಾಲ್ಕು ಸಾಲು ಮೇಲ್ ಹಾಕ್ಬೇಕು, ಏನು ಮಾತಾಯ್ತು, ಮುಂದಿನ ವಾರಕ್ಕೆ ಏನು, ನಿಮ್ಮಿಂದ ಏನು ಬೇಕು. ಈ ಮೇಲ್ ಓದಿದಾಗ ನಿಮಗೆ ಆಶ್ಚರ್ಯ ಆಗ್ತದೆ, ನೀವು "ಆಗಿದ್ರೆ ಒಂದ್ಸಲ ನೋಡು" ಅಂತ ಹೇಳಿದ್ದನ್ನು ಅವನು "ಮೇಡಂ ಇಡೀ ಸಿರೀಸ್ ಮತ್ತೆ ಮಾಡ್ಲಿಕ್ಕೆ ಹೇಳಿದ್ರು" ಅಂತ ಬರೆದಿರ್ತಾನೆ. ಗೈಡ್ ಬಾಯಿಂದ ಬಂದ ಸಣ್ಣ ಮಾತು ಹುಡುಗ್ರ ಕಿವಿಗೆ ಆರ್ಡರ್ ಆಗಿ ಬೀಳ್ತದೆ. ಮೇಲಲ್ಲಿ ಇದ್ರೆ ಅವತ್ತೇ ಸರಿ ಮಾಡ್ಬಹುದು, ಇಲ್ಲದಿದ್ರೆ ಮೂರು ವಾರ ಆದ ಮೇಲೆ ಜಗಳ.

ನಿಮ್ಮ ಕಡೆಯ ಮಾತನ್ನೂ ಬರೆದು ಕೊಡಿ, ಒಂದೇ ಪೇಜ್. ಡ್ರಾಫ್ಟ್ ಕೊಟ್ರೆ ಹತ್ತು ದಿನಕ್ಕೆ ವಾಪಸ್, ರಾತ್ರಿ ಒಂಬತ್ತರ ಮೇಲೆ ವಾಟ್ಸ್ಯಾಪ್ ಇಲ್ಲ, ಗಣಪತಿಗೆ ದೀಪಾವಳಿಗೆ ಊರಿಗೆ ಹೋಗ್ಬಹುದು ಮೊದ್ಲೇ ಹೇಳಿ, ಪೊವಾಯಿಯ ಐಐಟಿಯಲ್ಲಿ ದೊಡ್ಡ ಉಪಕರಣಗಳಿರೋ ಸೈಫ್ ಕೇಂದ್ರಕ್ಕೆ ಸ್ಯಾಂಪಲ್ ಕಳಿಸ್ಬೇಕಂದ್ರೆ ದುಡ್ಡು ಯಾವ ಹೆಡ್‌ನಿಂದ, ಪೇಪರಲ್ಲಿ ಮೊದಲ ಹೆಸರು ಯಾರದ್ದು. ಹೆಸರಿನ ವಿಷಯ ಕೆಲ್ಸ ಶುರು ಆಗೋ ಮೊದ್ಲೇ ಮಾತಾಡಿ, ಮುಗಿದ ಮೇಲೆ ಮಾತಾಡಿದ್ರೆ ಯಾರಿಗಾದ್ರೂ ನೋವು ಆಗಿಯೇ ಆಗ್ತದೆ. ಕೆಲ್ಸ ಮಾಡಿದವ್ರ ಹೆಸರು ಇರ್ಬೇಕು, ಮಾಡದವ್ರದ್ದು ಇರ್ಬಾರ್ದು, ಎಚ್‌ಓಡಿ ಆಗಿದ್ರೂ. ಕೊನೇದ್ದು ಬರಿಲಿಕ್ಕೆ ಸುಲಭ, ನಡೆಸ್ಲಿಕ್ಕೆ ಕಷ್ಟ, ಗೊತ್ತುಂಟು. ಮತ್ತೆ ಮನೆ ಕೆಲ್ಸ, ಬ್ಯಾಂಕ್ ಕೆಲ್ಸ, ಮಗನ ಟ್ಯೂಷನ್ ಇದಕ್ಕೆಲ್ಲ ಹುಡುಗ್ರನ್ನು ಕಳಿಸೋದು ನಮ್ಮಲ್ಲಿ ಇನ್ನೂ ನಡೀತದೆ, ನೀವು ಅಂಥವ್ರಲ್ಲ ಅಂತ ಪತ್ರದಿಂದ್ಲೇ ಗೊತ್ತಾಗ್ತದೆ. ಹಬ್ಬಕ್ಕೆ ಮನೆಗೆ ಕರೆದು ಹೋಳಿಗೆ ಊಟ ಹಾಕಿ, ಅದು ಬೇರೆ, ಎಲ್ಲರನ್ನೂ ಒಟ್ಟಿಗೆ ಕರೀರಿ ಅಷ್ಟೆ.

ಎಂಎಸ್ಸಿ ನಾಲ್ವರ ಬಗ್ಗೆ ಹೆಚ್ಚು ತಲೆ ಕೆಡಿಸ್ಕೊಳ್ಬೇಡಿ, ಅವ್ರಿಗೆ ಇರೋದೇ ಕೆಲವು ತಿಂಗಳು. ನಾಲ್ಕು ಜನರಿಗೆ ನಾಲ್ಕು ದೊಡ್ಡ ಟಾಪಿಕ್ ಬೇಡ, ನಿಮ್ಮ ಪಿಎಚ್‌ಡಿ ಕೆಲ್ಸದಿಂದ್ಲೇ ಮುಗಿಯೋ ಹಾಗಿನ ಚಿಕ್ಕ ಚಿಕ್ಕ ತುಂಡು ಕೊಡಿ. ಇಬ್ಬರನ್ನು ಸಾತಾರಾ ಹುಡುಗಿ ಜೊತೆ ಹಾಕಿ. ಲ್ಯಾಬಲ್ಲಿ ಅವಳ ಕೈ ಚೆನ್ನಾಗುಂಟು ಅಂದ್ರಲ್ಲ, ಬೇರೆಯವ್ರಿಗೆ ಹೇಳಿಕೊಡುವಾಗ ಅವಳಿಗೆ ಬಾಯಿ ಬರ್ತದೆ, ಬಾಯಿ ಬಂದ್ರೆ ಬರವಣಿಗೆಗೂ ದಾರಿ. ಆದ್ರೆ ಅವ್ರ ರಿಪೋರ್ಟ್ ತಿದ್ದೋ ಕೆಲ್ಸ ಅವಳ ತಲೆಗೆ ಕಟ್ಬೇಡಿ, ಅದು ನಿಮ್ಮದು.

ಇನ್ನೊಂದು, ನಿಮ್ಮ ಹತ್ರ 4ರಲ್ಲಿ 2 ಸೀಟ್ ಖಾಲಿ ಉಂಟು, ಮುಂದಿನ ಪೆಟ್ (ಪಿಎಚ್‌ಡಿ ಪ್ರವೇಶ ಪರೀಕ್ಷೆ) ಆದ ಕೂಡ್ಲೇ ತುಂಬಿ ಅಂತ ಒತ್ತಡ ಬರ್ತದೆ. ಈ ವರ್ಷ ಒಬ್ಬರನ್ನೂ ತಗೊಳ್ಬೇಡಿ ಅಂತ ನನ್ನ ಸಲಹೆ. "ಇರೋ ಇಬ್ಬರ ಕೆಲ್ಸ ಒಂದು ಹಂತಕ್ಕೆ ಬರ್ಲಿ ಸರ್" ಅಂತ ಎಚ್‌ಓಡಿಗೆ ಹೇಳಿ, ಸಾಧ್ಯ ಆದ್ರೆ ಬರೆದೇ ಕೊಡಿ. ಆಮೇಲೆ ಮೆತ್ತಗಿದ್ದೀರಿ ಅಂತ ಅವ್ರೂ ಹೇಳ್ಲಿಕ್ಕಿಲ್ಲ.

ಸೋಮವಾರದ ಮೆಸೇಜ್ ಇವತ್ತೇ ಹಾಕಿ. ಅವನ ರಿಜಿಸ್ಟ್ರೇಷನ್ ತಾರೀಕು ಫೈಲಲ್ಲಿ ನೋಡಿ ಇಟ್ಕೊಳ್ಳಿ, ಮುಂದಿನ ಕಮಿಟಿ ಮೀಟಿಂಗಿಗೆ ಎಷ್ಟು ವಾರ ಉಂಟು ಅಂತ ಲೆಕ್ಕ ಹಾಕಿ. ಎರಡು ಸೋಮವಾರ ಹೋದ್ರೂ ಬರ್ಲಿಲ್ಲ ಅಂದ್ರೆ ನೇರ ಕಮಿಟಿಯವ್ರಿಗೆ ಫೋನ್ ಮಾಡಿ, ಮೂರನೇದು ಕಾಯ್ಬೇಡಿ.